ಚಿಂದಿಯ ಬಾಯೊಳಗಿನ ಹೊಲಿಗೆ

ಆ ಬೀದಿಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಇನ್ನೊಂದ್ಸಲದ ಅಕ್ಕ’ ಎಂದರೆ ಸಾಕು, ದಾರಿ ತೋರಿಸುತ್ತಿದ್ದರು. ಬೀಗದ ಕೈ ಮಾಡುವವನ ಗೂಡಂಗಡಿ ದಾಟಿದ ಮೇಲೆ ಹಸಿರು ಬಾಗಿಲು, ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ, ಅದರ ಮುಕ್ಕಾಲು ಭಾಗ ಕಾಲಲ್ಲಿ ತುಳಿಯುವ ಹಳೆಯ ಹೊಲಿಗೆ ಯಂತ್ರ. ಪ್ಯಾಂಟಿನ ಉದ್ದ ಕತ್ತರಿಸುವುದು, ಜಿಪ್ ಬದಲಾಯಿಸುವುದು, ದಪ್ಪಗಾದವರ ಅಂಗಿ ಸಡಿಲಿಸುವುದು, ಸಣ್ಣಗಾದೆವೆಂದು ತಿಳಿದುಕೊಂಡವರ ಅಂಗಿ ಬಿಗಿ ಮಾಡುವುದು ಅವಳ ಕೆಲಸ. ಹೊಸ ಬಟ್ಟೆ ಮಾತ್ರ ಹೊಲಿಯುತ್ತಿರಲಿಲ್ಲ. ಹೊಸದು ಹಾಳಾದರೆ ಯಾರು ಹೊಣೆ, ಹಳೆಯದಾದರೆ ಹೇಗೂ ಅರ್ಧ ಹಾಳಾಗಿಯೇ ಬಂದಿರುತ್ತದೆ ಎಂಬುದು ಅವಳ ಲೆಕ್ಕಾಚಾರ.

ಕೆಲಸ ಮುಗಿದ ಬಟ್ಟೆಯನ್ನು ಗಿರಾಕಿಯತ್ತ ಚಾಚಿದ ಕೈ ಪ್ರತಿ ಸಲವೂ ಅರ್ಧ ದಾರಿಯಲ್ಲಿ ಹಿಂದಕ್ಕೆ ಬರುತ್ತಿತ್ತು. “ತಡೀರಿ, ಇನ್ನೊಂದ್ಸಲ ನೋಡ್ಬಿಡ್ತೀನಿ.” ಬಟ್ಟೆಯನ್ನು ಒಳಹೊರಗು ಮಾಡಿ, ಹೊಲಿಗೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಬೆಳಕಿಗೆ ಹಿಡಿದು ನೋಡುವಳು. ಯಂತ್ರಕ್ಕೆ ಕೊಡುವ ಮೊದಲು ಬೇರೆಯವರು ಕೈಯಲ್ಲಿ ಒಂದು ಸಾಲು ಕಚ್ಚಾ ಟಾಕು ಹಾಕಿದರೆ ಇವಳು ಎರಡು ಸಾಲು ಹಾಕುವಳು. ಆ ಎರಡನೇ ಸಾಲನ್ನು ಆಮೇಲೆ ಬಿಚ್ಚಿ ತೆಗೆಯುವ ಕೆಲಸ ಅತ್ತೆಯದು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ದಾರ ಎಳೆಯುತ್ತ, “ಎಲ್ಲರಿಗೂ ವಯಸ್ಸಾದ ಮೇಲೆ ಪಿಂಚಣಿ ಬರತ್ತೆ. ನನಗೆ ಸೊಸೆಯ ಅನುಮಾನ ಬರತ್ತೆ” ಎನ್ನುತ್ತಿದ್ದರು.

ಅಡ್ಡಹೆಸರು ಇಟ್ಟವನು ಬೀಗದ ಕೈಯವನು. “ಅಕ್ಕನ ಮನೆ ಬೀಗಕ್ಕೆ ನಾನೇ ಎರಡು ಕೈ ಮಾಡಿಕೊಟ್ಟೆ. ಒಂದು ಬೀಗ ಹಾಕೋಕೆ, ಇನ್ನೊಂದು ಹಾಕಿದೆಯಾ ಅಂತ ನೋಡೋಕೆ” ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಅವಳು ಹೊಲಿದ ಅಂಚು ಬಿಚ್ಚಿಕೊಂಡು ವಾಪಸ್ ಬಂದ ಉದಾಹರಣೆ ಬೀದಿಯಲ್ಲಿ ಇರಲಿಲ್ಲ. ಬ್ರೆಡ್ಡಿನ ವ್ಯಾನು ಓಡಿಸುವ ಗಂಡ ಬೆಳಗಿನ ಜಾವ ಹೊರಟರೆ ಬಾಗಿಲಿಗೆ ಬಂದು, “ಹ್ಯಾಂಡ್ ಬ್ರೇಕು?” ಎಂದು ಕೇಳುವಳು. ಅವನು ವ್ಯಾನು ಹತ್ತುವ ಮೊದಲೇ “ನೋಡ್ತೀನಿ, ಇನ್ನೊಂದ್ಸಲಾನೂ ನೋಡ್ತೀನಿ” ಎನ್ನುವನು. ನಾಲ್ಕು ವರ್ಷದ ಮಗಳು ಶಾಲೆಯ ಗೇಟಿನಲ್ಲಿ, ತಾನೇ ಬ್ಯಾಗು ಬಿಚ್ಚಿ ತೋರಿಸಿ, ಒಳಗೆ ಓಡುವಳು. ಮನೆ ಹೀಗೆ ಅವಳಿಗೆ ಒಗ್ಗಿಕೊಂಡಿತ್ತು.

ಒಗ್ಗಿಕೊಂಡಿದ್ದವರಲ್ಲಿ ಚಿಂದಿಯೂ ಸೇರಿತ್ತು. ಮದುವೆಯಾದ ವರ್ಷವೇ, ಕತ್ತರಿಸಿದ ಬಟ್ಟೆಯ ಚೂರು ತುಂಬಿಡುವ ಗೋಣಿಚೀಲದೊಳಗೆ ಎಲ್ಲಿಂದಲೋ ನುಗ್ಗಿ ಮಲಗಿದ್ದ ಕಂದು ಬಣ್ಣದ ಮರಿ. ಈಗ ಮೂತಿ ನರೆತ ಮುದಿ ನಾಯಿ. ಅದರ ವಸಡಿನ ಮೇಲೆ ಬಟಾಣಿಯಷ್ಟು ಗಡ್ಡೆ ಎದ್ದದ್ದು ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಇವಳ ಕಣ್ಣಿಗೆ ಬಿತ್ತು. ಗಂಡ ಏನೂ ಇಲ್ಲ ಎಂದ. ಇವಳು ಇನ್ನೊಂದು ಸಲ ನೋಡಿದಳು, ಮತ್ತೂ ಒಂದು ಸಲ ನೋಡಿದಳು, ಕೊನೆಗೆ ಬ್ರೆಡ್ಡಿನ ವ್ಯಾನಿನಲ್ಲೇ ಹತ್ತಿಸಿಕೊಂಡು ಪ್ರಾಣಿವೈದ್ಯರ ಬಳಿಗೆ ಹೊರಟಳು. “ಒಳ್ಳೆ ಸಮಯಕ್ಕೆ ತಂದ್ರಿ, ಇನ್ನಷ್ಟು ಬಿಟ್ಟಿದ್ದರೆ ದವಡೆಗೆ ಇಳೀತಿತ್ತು” ಎಂದರು ಡಾಕ್ಟರಮ್ಮ. ಅವಳು ಗಂಡನ ಮುಖ ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡಿದ.

ಆಪರೇಷನ್ ಆಯಿತು. ಗಡ್ಡೆಯ ಜೊತೆ ಪಕ್ಕದ ಎರಡು ಹಲ್ಲೂ ಹೋದವು. ಕೆಟ್ಟ ಜಾತಿಯ ಗಡ್ಡೆಯಲ್ಲ, ಇನ್ನು ಬಾಯಿಯ ಗಾಯ ಮಾಗಿದರೆ ಆಯಿತು ಎಂದು ಡಾಕ್ಟರಮ್ಮ ಹೇಳಿದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಮುಂದಿನ ಮಾತಿಗೆ ಬಂದ ಜೀವ ಮತ್ತೆ ಬಾಗಿಲ ತನಕ ಹೋಯಿತು.

“ಹೊಲಿಗೆ ಬಿಚ್ಚಿಸೋಕೆ ಯಾವಾಗ ಬರ್ಬೇಕು ಮೇಡಂ?”

“ಬಿಚ್ಚೋದೇ ಬೇಡ. ಕರಗೋ ದಾರ ಅದು, ತಾನಾಗೇ ಕರಗಿ ಹೋಗತ್ತೆ.”

“ಕರಗತ್ತಾ?”

“ಹೂಂ, ಗಾಯ ಕೂಡೋ ಹೊತ್ತಿಗೆ.”

“ಗಾಯ ಕೂಡಿದ್ದು ದಾರಕ್ಕೆ ಹೇಗೆ ಗೊತ್ತಾಗತ್ತೆ?”

ಡಾಕ್ಟರಮ್ಮ ನಕ್ಕರು. ಆಮೇಲೆ ಊಟದ ವಿಷಯ ಹೇಳತೊಡಗಿದರು. ಗಟ್ಟಿ ಪದಾರ್ಥ ಬೇಡ. ಬೇಯಿಸಿದ ಕೋಳಿಮಾಂಸ, ಕುಂಬಳಕಾಯಿ ನುಣ್ಣಗೆ ಅರೆದು, ಸಡಿಲ ಮಾಡಿ, ಉಗುರುಬೆಚ್ಚಗೆ ಕೊಡಿ. ನೋವಿನ ಔಷಧಿ ಮೊದಲು, ಊಟ ಆಮೇಲೆ. ಆಳವಾದ ಬೋಗುಣಿ ಬೇಡ, ಅಗಲ ತಟ್ಟೆ ಸ್ವಲ್ಪ ಎತ್ತರದಲ್ಲಿಡಿ. ನೀರು ಕುಡಿಯದಿದ್ದರೆ ಸೂಜಿಯಿಲ್ಲದ ಸಿರಿಂಜಿನಲ್ಲಿ, ನೋವಿಲ್ಲದ ಕಡೆಯ ಕೆನ್ನೆಯ ಸಂದಿಗೆ ತೊಟ್ಟುತೊಟ್ಟಾಗಿ ಬಿಡಿ, ನೇರ ಗಂಟಲಿಗೆ ಬಿಡಬೇಡಿ. ಬಾಯಿಯ ತಂಟೆಗೆ ಮಾತ್ರ ಹೋಗಬೇಡಿ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು. ಕೊನೆಯ ಮಾತು ಕಿವಿಗೆ ಬೀಳುವಾಗ ಅವಳ ಮನಸ್ಸು ದಾರದಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಹುಟ್ಟಿದಂದಿನಿಂದಲ್ಲದಿದ್ದರೂ ಬುದ್ಧಿ ಬಂದಾಗಿನಿಂದ ಅವಳು ದಾರ ಹಿಡಿದವಳು. ನೀರಿಗೆ ಬಿದ್ದರೆ ಬಣ್ಣ ಬಿಡುವ ದಾರವನ್ನೇ ಅಂಗಡಿಗೆ ವಾಪಸ್ ಕೊಟ್ಟು ಬಂದವಳು. ನೀರಿನಲ್ಲೇ ಇರಬೇಕಾದ ಬಾಯಿಗೆ ಕರಗುವ ದಾರ ಹಾಕಿದ್ದಾರೆ ಎಂದರೆ ಅವಳು ಹೇಗೆ ನಂಬಿಯಾಳು?

ಮನೆಗೆ ಬಂದ ಸಂಜೆ ಚಿಂದಿ ಮಂಪರಿನಲ್ಲೇ ಮಲಗಿತ್ತು. ಕುತ್ತಿಗೆಗೆ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ, ಬಾಯಿಯ ಅಂಚಿನಲ್ಲಿ ಗುಲಾಬಿ ಬಣ್ಣದ ಜೊಲ್ಲು. ಮರುದಿನ ಕಣ್ಣು ಬಿಟ್ಟು, ಅವಳು ಬೆರಳಿಗೆ ಹಚ್ಚಿಕೊಂಡು ಚಾಚಿದ ಕೋಳಿ-ಕುಂಬಳದ ಗಂಜಿಯನ್ನು ಒಂದಿಷ್ಟು ನೆಕ್ಕಿತು. ಎಲ್ಲರಿಗೂ ಸಮಾಧಾನವಾಯಿತು. ಆಗ ಅವಳು ಮೆಲ್ಲಗೆ ಅದರ ತುಟಿ ಎತ್ತಿ ನೋಡಿದಳು.

ನೋಡಬಾರದಿತ್ತು. ಗಂಟು ಚಿಕ್ಕದು. ದಾರದ ತುದಿಯನ್ನು ಗಂಟಿಗೆ ಹತ್ತಿರವೇ ಕತ್ತರಿಸಿಬಿಟ್ಟಿದ್ದಾರೆ. ಟಾಕುಗಳ ನಡುವೆ ಅಂತರ ಒಂದೇ ಸಮನಾಗಿಲ್ಲ. ಇಂಥ ಹೊಲಿಗೆ ಹಾಕಿ ಪ್ಯಾಂಟು ಕೊಟ್ಟರೆ ಮೂರನೇ ಒಗೆತಕ್ಕೆ ಅಂಚು ಜೋತು ಬೀಳುತ್ತದೆ. ಅದೂ ಕರಗುವ ದಾರ.

ಅಂದಿನಿಂದ ಒಂದು ಕ್ರಮ ಶುರುವಾಯಿತು. ತಟ್ಟೆ ಇಡುವ ಮೊದಲು ತುಟಿ ಎತ್ತಿ ಒಂದು ಸಲ, ತಿಂದ ಮೇಲೆ ಇನ್ನೊಂದು ಸಲ. ಹೊಲಿಯುತ್ತ ಕೂತವಳಿಗೆ ಇದ್ದಕ್ಕಿದ್ದಂತೆ ದಾರ ಈಗಲೇ ಕರಗಿರಬಹುದು ಎನ್ನಿಸಿದರೆ ನಡುವೆಯೂ ಒಂದು ಸಲ. ಕೋಣೆಯ ಮೂಲೆಯಲ್ಲಿ ಬೆಳಕು ಸಾಲದೆಂದು ಬೀಗದ ಕೈಯವನಿಂದ ಸಣ್ಣ ಟಾರ್ಚು ಇಸಕೊಂಡು ಬಂದಳು. “ಏನಕ್ಕಾ, ನಾಯಿ ಬಾಯಿಗೂ ಬೀಗ ಹಾಕಿಸಬೇಕಾ?” ಎಂದ ಅವನು. “ಹಾಕೋಕೆ ಆಗಿದ್ರೆ ಹಾಕಿಸ್ತಿದ್ದೆ” ಎಂದಳು, ನಗದೆ.

ಚಿಂದಿ ಮೊದಲು ಮುಖ ತಿರುಗಿಸಿತು. ಆಮೇಲೆ ಅವಳು ತಟ್ಟೆ ಹಿಡಿದು ಬಂದರೆ ಎದ್ದು ಗೋಣಿಚೀಲದ ಹಿಂದೆ ಹೋಗತೊಡಗಿತು. ನೋವು ಹೆಚ್ಚಾಗಿರಬೇಕು ಎಂದುಕೊಂಡಳು, ನೋವು ಯಾಕೆ ಹೆಚ್ಚಾಯಿತೆಂದು ಮತ್ತೆ ತುಟಿ ಎತ್ತಿದಳು. ಸಿರಿಂಜು ಹಿಡಿದರೆ ಹಲ್ಲು ಕಚ್ಚಿಕೊಂಡಿತು, ಬಿಟ್ಟ ನೀರೆಲ್ಲ ಗಲ್ಲದಿಂದಿಳಿದು ಪ್ಲಾಸ್ಟಿಕ್ ಪಟ್ಟಿಯೊಳಗೆ ನಿಂತಿತು. ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಅವಳ ಕಾಲಿಗೆ ಚಕ್ರ ಕಟ್ಟಿದಂತಾಯಿತು. ಗಂಜಿ ಆರಿತೆಂದು ಬಿಸಿ ಮಾಡುವಳು, ಬಿಸಿಯಾಯಿತೆಂದು ಆರಿಸುವಳು, ದಪ್ಪವಾಯಿತೆಂದು ನೀರು ಹಾಕುವಳು, ನೀರಾಯಿತೆಂದು ಮಾಂಸ ಅರೆಯುವಳು.

ಒಂದು ಬೆಳಗಿನ ಜಾವ ಅವಳು ಇನ್ನೂ ಎದ್ದಿರಲಿಲ್ಲ. ಗಂಡ ವ್ಯಾನಿಗೆ ಹೊರಡುವ ಮೊದಲು ಅಂಗೈಯಲ್ಲಿ ಒಂದಿಷ್ಟು ಗಂಜಿ ಹಾಕಿಕೊಂಡು ಹಿಡಿದದ್ದನ್ನು ಚಿಂದಿ ನೆಕ್ಕಿಬಿಟ್ಟಿತು.

“ನನ್ನ ಕೈಯಲ್ಲಿ ತಿಂತು ಕಣೇ” ಎಂದು ಅವನು ಒಳಗೆ ಬಂದು ಹೇಳಿದ.

ಅವಳು ದಿಗ್ಗನೆ ಎದ್ದು ಕೂತಳು. “ಎಷ್ಟು ತಿಂತು? ನುಂಗ್ತಾ, ಬಾಯಲ್ಲೇ ಇಟ್ಕೊಂಡಿದೆಯಾ? ಹೊಲಿಗೆ ನೋಡಿದ್ರಾ?”

“ತಿನ್ನೋವಾಗ ಬಾಯಿ ಹೇಗೆ ನೋಡ್ಲಿ?”

ಅವಳು ಟಾರ್ಚು ಹುಡುಕಿಕೊಂಡು ಹೋದಳು. ಮರುದಿನ ಚಿಂದಿ ಗಂಡನ ಕೈಯಲ್ಲೂ ತಿನ್ನಲಿಲ್ಲ, ಅವನ ಬೆನ್ನಿಗೆ ಅಂಟಿಕೊಂಡು ಅವಳು ಟಾರ್ಚು ಹಿಡಿದು ನಿಂತಿದ್ದಳು.

ಮತ್ತೆ ಡಾಕ್ಟರಮ್ಮನ ಬಳಿಗೆ ಹೋಗಲೇಬೇಕಾಯಿತು. ಅವರು ಚಿಂದಿಯ ಹೆಗಲ ಮೇಲಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಅದು ತಕ್ಷಣ ಕೂರಲಿಲ್ಲ, ಒದ್ದೆ ಬಟ್ಟೆಯ ಸುಕ್ಕಿನ ಹಾಗೆ ನಿಂತಿತು. “ನೀರು ಸಾಲ್ತಿಲ್ಲ” ಎಂದರು. ಆಮೇಲೆ ಬಾಯಿ ನೋಡಿದರು, ಅವರ ಹುಬ್ಬು ಗಂಟಿಕ್ಕಿತು.

“ಅಂಚಿನ ಒಂದು ಟಾಕು ಬಿಟ್ಟಿದೆ. ತುಟಿ ಯಾರಾದರೂ ಎಳೆದು ನೋಡ್ತಿದ್ದೀರಾ?”

“ಇಲ್ಲ ಮೇಡಂ” ಎಂದಳು ಅವಳು. ಮಾತು ಬಾಯಿಯಿಂದ ಜಾರಿದ ಮೇಲೆ ಅವಳಿಗೇ ಗಾಬರಿಯಾಯಿತು. ಗಂಡ ಕ್ಯಾಲೆಂಡರ್ ನೋಡಿದ, ತಿಂಗಳು ಬದಲಾಗಿರಲಿಲ್ಲ.

ಡಾಕ್ಟರಮ್ಮ ಚರ್ಮದಡಿಗೆ ಒಂದಿಷ್ಟು ಔಷಧಿನೀರು ಹರಿಸಿದರು. “ಬಿಟ್ಟ ಟಾಕಿನಿಂದ ಭಯವಿಲ್ಲ, ಒಳಗೆ ಗಾಯ ಚೆನ್ನಾಗೇ ಕೂಡ್ತಿದೆ. ಭಯ ಇರೋದು ಹೊಟ್ಟೆಯದು. ನಾಳೆ ಬೆಳಿಗ್ಗೆಯೊಳಗೆ ತಾನಾಗಿ ಕುಡೀಬೇಕು, ತಿನ್ನಬೇಕು. ಇಲ್ಲಾಂದ್ರೆ ಇಲ್ಲೇ ಇಟ್ಕೊಂಡು, ಪ್ರಜ್ಞೆ ತಪ್ಪಿಸಿ, ಊಟ ಇಳಿಸೋಕೆ ಕುತ್ತಿಗೆಯಿಂದ ಹೊಟ್ಟೆಗೆ ನಳಿಗೆ ಹಾಕ್ಬೇಕಾಗತ್ತೆ. ವಯಸ್ಸಾದ ಜೀವ. ಇಷ್ಟು ಬೇಗ ಇನ್ನೊಂದು ಸಲ ಅರಿವಳಿಕೆ ಕೊಡೋಕೆ ನನಗೆ ಧೈರ್ಯ ಇಲ್ಲ. ಆದ್ರೆ ಬೇರೆ ದಾರಿ ಇರಲ್ಲ.”

ವಾಪಸ್ ಬರುವಾಗ ವ್ಯಾನಿನ ತುಂಬ ಬ್ರೆಡ್ಡಿನ ಹಿತವಾದ ಹುಳಿವಾಸನೆ. ಮಡಿಲಲ್ಲಿ ಚಿಂದಿ, ಅದರ ಪ್ಲಾಸ್ಟಿಕ್ ಪಟ್ಟಿ ಬಾಗಿಲಿಗೆ ತಾಗಿ ಟಕಟಕ ಎನ್ನುತ್ತಿತ್ತು.

“ಇಲ್ಲ ಅಂತ ಯಾಕಂದೆ?” ಎಂದ ಗಂಡ.

“ಎಳೀಲಿಲ್ಲ ನಾನು. ನೋಡ್ದೆ ಅಷ್ಟೆ.”

ಅವನು ಗೇರು ಬದಲಾಯಿಸಿದ.

“ನೋಡದೇ ಇದ್ದಿದ್ರೆ ಗಡ್ಡೆ ಯಾರಿಗೆ ಕಾಣ್ತಿತ್ತು? ಹೇಳಿ ನೋಡೋಣ.”

“ನಾನೇನಾದ್ರೂ ಅಂದ್ನಾ?” ಎಂದ. ಅವಳನ್ನೂ ನಾಯಿಯನ್ನೂ ಮನೆ ಮುಂದೆ ಇಳಿಸಿ, ಹ್ಯಾಂಡ್ ಬ್ರೇಕಿನ ಮಾತು ಬರುವ ಮೊದಲೇ ಸಂಜೆಯ ಸುತ್ತಿಗೆ ಹೊರಟುಹೋದ.

ಮಗಳು ಶಾಲೆಯಿಂದ ಬಂದು ಒಳಗೆ ಮಲಗಿದ್ದಳು. ಅವಳು ಚಿಕ್ಕ ಮಣೆಯ ಮೇಲೆ ಅಗಲ ತಟ್ಟೆಯಿಟ್ಟು, ಕೋಳಿ ಬೇಯಿಸಿದ ನೀರು ಹಾಕಿ, ಚಿಂದಿಯ ಎದುರಿಗೆ ನೆಲದ ಮೇಲೆ ಕೂತುಬಿಟ್ಟಳು. ಚಿಂದಿ ಗೋಡೆ ನೋಡುತ್ತಿತ್ತು. ಅವಳು ಚಿಂದಿಯ ಬಾಯಿ ನೋಡುತ್ತಿದ್ದಳು. ಪ್ಯಾಂಟು ಒಯ್ಯಲು ಬಂದ ಗಿರಾಕಿಗೆ ತಲೆಯೆತ್ತದೆ “ನಾಳೆ ಬನ್ನಿ” ಎಂದಳು. ನಾಳೆ ಎಂಬ ಪದ ಬಾಯಿಂದ ಬಂದದ್ದೇ ತಡ, ಎದ್ದು ನೀರು ಬಿಸಿ ಮಾಡಿ ತಂದಳು. ತಟ್ಟೆ ಬದಲಾಯಿಸಿದಳು. ಮಣೆಯನ್ನು ಆ ಕಡೆ ಸರಿಸಿ ಮತ್ತೆ ಈ ಕಡೆಗೇ ತಂದಳು.

“ನೀನು ಈ ಮನೆಗೆ ಬಂದ ಹೊಸತರಲ್ಲಿ ನನ್ನ ಹಲ್ಲೆಲ್ಲ ಕೀಳಿಸಿದ್ರಲ್ಲ, ನೆನಪಿದೆಯಾ?” ಎಂದರು ಅತ್ತೆ ಕುರ್ಚಿಯಿಂದಲೇ, ಟಾಕು ಬಿಚ್ಚುತ್ತ.

“ಈಗ ಯಾಕೆ ಅತ್ತೆ ಆ ಮಾತು?”

“ಮೆತ್ತಗೆ ಮಾಡಿ ತಂದಿಟ್ಟು ಎದುರಿಗೆ ಕೂರ್ತಿದ್ದೆ. ಹೀಗೇ. ಕಣ್ಣು ಪಿಳಿಪಿಳಿ ಬಿಟ್ಕೊಂಡು. ಅತ್ತೆ ನುಂಗೋಕೆ ಆಗ್ತಿದೆಯಾ, ಅತ್ತೆ ನೋವಾಗ್ತಿದೆಯಾ, ಬಾಯಿ ಸ್ವಲ್ಪ ತೆಗೀರಿ ನೋಡೋಣ.”

“ನಿಮ್ಮ ಒಳ್ಳೇದಕ್ಕೇ ತಾನೆ.”

“ಒಳ್ಳೇದಕ್ಕೇ. ನಾನು ಹೊಟ್ಟೆ ತುಂಬಿತು ಅಂತ ತಟ್ಟೆ ತಳ್ಳಿ, ನೀನು ಬಟ್ಟೆ ಒಣಹಾಕೋಕೆ ಹೋದಾಗ ಅಡುಗೆಮನೇಲಿ ಗೋಡೆ ಕಡೆ ತಿರುಗಿ ತಿಂತಿದ್ದೆ, ಕಳ್ಳಿ ಹಾಗೆ.”

ಅವಳು ಮೊದಲ ಸಲ ಅತ್ತೆಯ ಕಡೆ ತಿರುಗಿದಳು. “ಒಂದು ಮಾತು ಹೇಳಬಹುದಿತ್ತಲ್ಲ ಅತ್ತೆ.”

“ಹೇಳಿದ್ರೆ ಯಾಕೆ ಅಂತ ಕೇಳ್ತಿದ್ದೆ. ಹೇಳಿದ ಮೇಲೆ ಇನ್ನೊಂದ್ಸಲ ಕೇಳ್ತಿದ್ದೆ. ಹಲ್ಲಿಲ್ಲದ ಬಾಯಲ್ಲಿ ಅಷ್ಟೆಲ್ಲ ಯಾರು ಮಾತಾಡ್ತಾರೆ.” ಅತ್ತೆ ದಾರದ ಚೂರನ್ನು ಊದಿ ಹಾರಿಸಿದರು. “ನನಗಾದ್ರೆ ಅಡುಗೆಮನೆ ಇತ್ತು. ಈ ಪಾಪದ್ದು ಎಲ್ಲಿಗೆ ಹೋಗತ್ತೆ? ಅದರ ಕಣ್ಣು ನೋಡು. ನಿನ್ನ ಮುಖ ನೋಡ್ತಿಲ್ಲ ಅದು. ಕೈ ನೋಡ್ತಿದೆ.”

ಅವಳು ತಿರುಗಿದಳು. ಚಿಂದಿ ಗೋಡೆಯ ಕಡೆಗೇ ಮುಖ ಮಾಡಿತ್ತು, ಕಣ್ಣುಗುಡ್ಡೆ ಮಾತ್ರ ಓರೆಯಾಗಿ ಇತ್ತ ಹೊರಳಿತ್ತು. ಅವಳು ಬಲಗೈಯನ್ನು ಮಂಡಿಯ ಮೇಲಿಂದ ಸ್ವಲ್ಪವೇ ಎತ್ತಿದಳು. ಚಿಂದಿಯ ಕಿವಿಗಳು ತಲೆಗೆ ಅಂಟಿಕೊಂಡವು. ಕೈ ಇಳಿಸಿದಳು. ಕಿವಿ ಹಾಗೇ ಇದ್ದವು. ಕೈಯೆತ್ತಿ ಹೊಡೆದವಳಲ್ಲ ಅವಳು, ಗದರಿದವಳೂ ಅಲ್ಲ. ಈ ಬೆರಳುಗಳೇ ಗಡ್ಡೆ ಹುಡುಕಿದ್ದು. ಎರಡೂ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

“ನಾನೇನು ಮಾಡ್ಲಿ ಈಗ?”

“ಏನೂ ಮಾಡ್ಬೇಡ. ಅದೇ ನಿನಗೆ ಬರದೇ ಇರೋ ಕೆಲಸ. ಹೋಗು, ಆ ಮನುಷ್ಯನ ಪ್ಯಾಂಟಾದ್ರೂ ಹೊಲಿ.”

ಅವಳು ಎದ್ದು ಯಂತ್ರದ ಮುಂದೆ, ಚಿಂದಿಗೆ ಬೆನ್ನು ಹಾಕಿ ಕೂತಳು. ಕೂತ ಕೂಡಲೇ ಗೊತ್ತಾಯಿತು, ಎದುರಿನ ಗೋಡೆಯಲ್ಲಿ ಗಿರಾಕಿಗಳು ನೋಡಿಕೊಳ್ಳುವ ನಿಲುವುಗನ್ನಡಿಯಿದೆ, ಅದರ ಕೆಳಗಿನ ಮೂಲೆಯಲ್ಲಿ ಮಣೆ, ತಟ್ಟೆ, ಚಿಂದಿಯ ಅರ್ಧ ಮೂತಿ ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕಿಂತ ಅನುಕೂಲ ಇನ್ನೇನು ಬೇಕು ಎಂದು ಒಂದು ಮನಸ್ಸು ಹೇಳಿತು. ಅತ್ತೆ ಕೆಮ್ಮಿದರು. ಅವಳು ಎದ್ದು, ಜಿಪ್ ಹಾಕಲು ಬಂದಿದ್ದ ಯಾರದೋ ಉದ್ದ ಕೋಟನ್ನು ಕನ್ನಡಿಯ ಮೇಲೆ ನೇತುಹಾಕಿ ಮತ್ತೆ ಬಂದು ಕೂತಳು.

ಪ್ಯಾಂಟಿನ ಅಂಚು ಮಡಿಸಿ ಸೂಜಿಯಡಿ ಇಟ್ಟು ತುಳಿಯತೊಡಗಿದಳು. ಕಚ್ಚಾ ಟಾಕು ಹಾಕುವುದು ಮರೆತೇ ಹೋಗಿತ್ತು. ಬೆನ್ನಿಗೆ ಕಣ್ಣು ಮೂಡಿದಂತೆ ಇಡೀ ಮೈ ಹಿಂದಕ್ಕೆ ಎಳೆಯುತ್ತಿತ್ತು. ಏನೂ ಸದ್ದಿಲ್ಲ. ಕತ್ತಿನ ನರ ಉಳುಕಿದಂತೆ ನೋಯತೊಡಗಿತು. ಆರಿಹೋಗಿರಬೇಕು ನೀರು. ಎದ್ದು ಬಿಸಿ ಮಾಡಲೇ? ಬೀದಿಯಲ್ಲಿ ಯಾರೋ ಬೀಗದ ಕೈಯವನ ಜೊತೆ ಚೌಕಾಸಿ ಮಾಡುತ್ತಿದ್ದರು, ಆ ಧ್ವನಿ ಒಮ್ಮೆ ನಿಲ್ಲಬಾರದೇ ಎನ್ನಿಸಿತು.

ಆಗ ಹಿಂದೆ ಪ್ಲಾಸ್ಟಿಕ್ ಪಟ್ಟಿ ಮಣೆಗೆ ಉಜ್ಜಿದ ಕರ್ರ್ ಶಬ್ದ ಕೇಳಿತು. ಅವಳ ಕಾಲು ತಾನಾಗಿ ನಿಂತಿತು. ಯಂತ್ರ ನಿಂತಿತು. ಹಿಂದಿನ ಸದ್ದೂ ನಿಂತಿತು.

ಕಣ್ಣಂಚಿನಲ್ಲಿ ಅತ್ತೆಯ ಕೈ ಕಂಡಿತು, ಹೊಲಿ, ಹೊಲಿ ಎಂದು ಗಾಳಿಯಲ್ಲಿ ತಟ್ಟುತ್ತಿತ್ತು.

ತುಳಿದಳು. ಮತ್ತೆ ಕರ್ರ್ ಎಂದಿತು. ಆಮೇಲೆ ಲೊಚಕ್ ಎಂದು ಒಂದು ಸದ್ದು. ಬಹಳ ಹೊತ್ತು ಬಿಟ್ಟು ಇನ್ನೊಂದು. ಲೊಚಕ್, ಲೊಚಕ್, ಓರೆಯಾಗಿ, ನೋವಿಲ್ಲದ ಕಡೆಯಿಂದ, ಮುದಿ ನಾಲಗೆಯ ಸದ್ದು. ನುಂಗುತ್ತಿದೆಯೋ, ಸುರಿಸುತ್ತಿದೆಯೋ? ರಕ್ತ ಬಂದಿದೆಯೋ? ಇನ್ನೊಂದು ಟಾಕು ಬಿಟ್ಟಿತೋ? ಒಂದೇ ಒಂದು ಸಲ ತಿರುಗಿದರೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಕೈಯಡಿಯ ಬಟ್ಟೆ ಹಗುರಾಗಿ ಜಾರತೊಡಗಿತು. ಸೂಜಿಯ ಕೆಳಗಿನ ಬಾಬಿನ್ನಿನ ದಾರ ಮುಗಿದಿತ್ತು. ಸೂಜಿ ತೂತು ಮಾಡುತ್ತ ಹೋಗುತ್ತಿತ್ತು, ಹೊಲಿಗೆ ಬೀಳುತ್ತಿರಲಿಲ್ಲ. ಬಾಬಿನ್ ಬದಲಾಯಿಸಬೇಕಾದರೆ ಯಂತ್ರ ನಿಲ್ಲಿಸಬೇಕು. ಅವಳು ನಿಲ್ಲಿಸಲಿಲ್ಲ.

ಮೇಜಿನ ಮೇಲಿದ್ದ ಅವಳ ಫೋನು ನಡುಗಿತು. ಅತ್ತೆ ಎದ್ದು ಬಂದು ತೆಗೆದುಕೊಂಡು “ಹೇಳೋ” ಎಂದರು. ಗಂಡನ ಧ್ವನಿ ಅವಳಿಗೂ ಕೇಳುವಷ್ಟು ಜೋರಾಗಿತ್ತು.

“ಹೇಗಿದೆಯಮ್ಮಾ? ನೀರು ಕುಡೀತಾ?”

“ಕುಡೀತಿದೆ” ಎಂದರು ಅತ್ತೆ ಪಿಸುದನಿಯಲ್ಲಿ. “ತಟ್ಟೆ ಅರ್ಧ ಆಯ್ತು. ನಿಲ್ಲಿಸಿಲ್ಲ ಇನ್ನೂ.”

“ಅವಳು ಏನಂತಾಳೆ?”

“ಹೊಲೀತಿದ್ದಾಳೆ.”

“ಬಾಯಿ ನೋಡಿದ್ಲಾ?”

“ಇಲ್ಲ. ತಿರುಗೂ ನೋಡಿಲ್ಲ.”

ಆ ಕಡೆ ವ್ಯಾನು ನಿಂತು, ಹ್ಯಾಂಡ್ ಬ್ರೇಕು ಎಳೆದ ಸದ್ದು ಕೇಳಿತು.

“ಅವಳು ಹುಷಾರಾಗಿದ್ದಾಳೆ ತಾನೆ?” ಎಂದ ಗಂಡ.

ಅವಳಿಗೆ ನಗು ಬಂತು, ನಕ್ಕರೆ ಭುಜ ಅಲುಗುತ್ತದೆಂದು ತುಟಿ ಕಚ್ಚಿಕೊಂಡಳು. ಪ್ಯಾಂಟಿನ ಅಂಚು ಒಂದು ಸುತ್ತು ಮುಗಿದಿತ್ತು. ಹಿಂದೆ ಲೊಚಕ್ ಲೊಚಕ್ ಇನ್ನೂ ನಡೆದಿತ್ತು. ಹೊಲಿಗೆ ಬೀಳದ ಸೂಜಿಯಡಿ ಅದೇ ಅಂಚನ್ನು ತಿರುಗಿಸಿಕೊಂಡು, ಅವಳು ತುಳಿಯುತ್ತಲೇ ಇದ್ದಳು.